‘ಹಿಡಿ’ ಅನ್ನಬೇಡಿ

ಜೂನ್ 3

ಪ್ರೀತಿಯ ತಮ್ಮನಿಗೆ,

ಕರ್ತನ ದಯೆಯಿಂದ ಇಲ್ಲಿ ಎಲ್ಲವೂ ಸರಿಯಾಗಿದೆ, ನನ್ನ ಹೊಲಿಗೆ ಯಂತ್ರದ ಬೆಲ್ಟು ಮತ್ತು ನನ್ನ ಬಲ ಮೊಣಕಾಲು ಇವೆರಡನ್ನು ಬಿಟ್ಟು. ಫೋನಿನಲ್ಲಿ ನೀನು ಬರೀ ‘ಹೂಂ’ ಅನ್ನುವ ಆಸಾಮಿ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ನಿನ್ನ ಮುತ್ತು ಪೋಣಿಸಿದಂಥ ಅಕ್ಷರವನ್ನಾದರೂ ನೋಡಬಹುದು.

ನಗಬೇಡ, ನನ್ನನ್ನು ಓಟದ ಕೋಚ್ ಮಾಡಿದ್ದಾರೆ. ಚರ್ಚಿನ ಸಭೆಯ ಹಿರಿಯರೆಲ್ಲ ಸೇರಿ, "ಮಕ್ಕಳು ಬೆಂಚಿನ ಮೇಲೆ ಕೂತು ವಾಕ್ಯ ಬಾಯಿಪಾಠ ಮಾಡಿದ್ದು ಸಾಕು. ನಂಬಿಕೆಗೆ ಕಾಲು ಬರಬೇಕು" ಎಂದು ತೀರ್ಮಾನಿಸಿದರು. ಜುಲೈ 28ಕ್ಕೆ ಎಲ್ಲ ಸಭೆಗಳ ಯುವಜನರ ಕ್ರೀಡಾಕೂಟ, ಈ ಸಲ ನಮ್ಮ ಮೈದಾನದಲ್ಲೇ. ಹುಡುಗಿಯರ ರಿಲೇ ತಂಡಕ್ಕೆ ಮಾತ್ರ ಯಾರೂ ಸಿಗಲಿಲ್ಲ. "ಜೆರ್ಸಿ ಹೊಲಿಯೋದು ಹೇಗೂ ನೀವೇ, ಓಡಿಸೋದೂ ನೀವೇ ನೋಡ್ಕೊಂಡುಬಿಡಿ" ಅಂದರು. ದರ್ಜಿಯ ಕೈಗೆ ಸೀಟಿ ಬಂತು.

ನಾಲ್ಕು ಹುಡುಗಿಯರು. ಮೊದಲಿಬ್ಬರು ಅವಳಿಗಳು, ಯಾರು ಯಾರೆಂದು ಅವರಮ್ಮನಿಗೇ ಅನುಮಾನ. ಮೂರನೆಯವಳನ್ನು ಎಲ್ಲರೂ ಕಡ್ಡಿ ಅನ್ನುತ್ತಾರೆ. ಅವಳ ಜೆರ್ಸಿಯನ್ನು ಎರಡು ಸಲ ಒಳಗೆ ಹಿಡಿದರೂ ಇನ್ನೂ ದೊಗಳೆ. ಕೊನೆಯವಳು ಗುಬ್ಬಿ, ಹತ್ತು ಜನರ ಪ್ರಶ್ನೆಗಳನ್ನು ಒಬ್ಬಳೇ ಕೇಳುತ್ತಾಳೆ. ಪ್ರಾರ್ಥನೆಯಲ್ಲಿ ಕೈ ಕೈ ಹಿಡಿದು ನಿಲ್ಲುವ ಈ ಪುಣ್ಯಾತ್ಗಿತ್ತಿಯರು ಮೈದಾನಕ್ಕಿಳಿದರೆ ಮೊಣಕೈಯಿಂದ ತಿವಿದಾಡುತ್ತಾರೆ. ಇವರಿಗೆ ಓಟವನ್ನೂ ನಂಬಿಕೆಯನ್ನೂ ಒಟ್ಟಿಗೆ ಹೇಗೆ ಕಲಿಸುವುದು? ನೀನು ಓಟಗಾರನೂ ಹೌದು, ಪಾದ್ರಿಯೂ ಹೌದು. ಹೇಳು.

ನಮ್ಮ ಸಭೆಗೆ ಕೊನೆಯ ರಿಲೇ ಕಪ್ ತಂದವನು ನೀನೇ. ಇಪ್ಪತ್ತೇಳು ವರ್ಷವಾಯಿತು, ಅದೇ ಓಟದಲ್ಲಿ ನಿನ್ನ ಜೊತೆ ಓಡಿದ ಗೋಲಿ ತೀರಿಕೊಂಡೂ ಅಷ್ಟೇ ವರ್ಷ. ಗೋಲಿಯ ಅಮ್ಮ ಈಗಲೂ ಪ್ರತಿ ಶನಿವಾರ ಬಂದು ಆ ಕಪ್ ಒರೆಸಿ ಕಪಾಟಿನಲ್ಲಿಡುತ್ತಾರೆ. ಮೊನ್ನೆಯೂ ಕೇಳಿದರು, "ನನ್ನ ಮಗ ಕೊನೇಗೆ ಏನಾದ್ರೂ ಅಂದ್ನಾ ಅಂತ ನಿನ್ನ ತಮ್ಮನಿಗೆ ನೆನಪಾಯ್ತಾ?" ಏನೂ ಅನ್ನಲಿಲ್ಲವಂತೆ ಎಂದು ಎಷ್ಟು ಸಲ ಹೇಳಿದರೂ ಅವರು ಕೇಳುವುದನ್ನು ಬಿಟ್ಟಿಲ್ಲ.

ನಿನ್ನ ಅಕ್ಕ

---

ಜೂನ್ 10

ಅಕ್ಕನಿಗೆ ವಂದನೆಗಳು.

ನೀನು ಕುತ್ತಿಗೆಗೆ ಅಳತೆ ಟೇಪು, ಬಾಯಿಗೆ ಸೀಟಿ ಹಾಕಿಕೊಂಡು ನಿಂತದ್ದನ್ನು ಕಣ್ಣಿಗೆ ತಂದುಕೊಂಡು ಒಬ್ಬನೇ ನಕ್ಕೆ. ಇಲ್ಲಿ ಸಭೆ ಚಿಕ್ಕದು, ನಗುವವರೂ ಕಡಿಮೆ.

ರಿಲೇಯಲ್ಲಿ ಗೆಲ್ಲಿಸುವುದು ಕಾಲಲ್ಲ, ಕೈ. ಹಿಂದಿನಿಂದ ಬರುವವಳು ಎಡಗೈಯಲ್ಲಿ ಕೋಲು ಹಿಡಿದಿರಲಿ. ಮುಂದಿನವಳು ಓಡಲು ಶುರುಮಾಡಿ ಬಲಗೈಯನ್ನು ಹಿಂದಕ್ಕೆ ಚಾಚಲಿ. ಹಿಂದಿರುಗಿ ನೋಡಬಾರದು, ನೋಡಿದರೆ ಎರಡು ಹೆಜ್ಜೆ ನಷ್ಟ. ಹಿಂದಿನವಳು ಒಂದೇ ಒಂದು ಪದ ಕೂಗಬೇಕು. ಆ ಪದ ಕಿವಿಗೆ ಬಿದ್ದ ಕ್ಷಣ ಅಂಗೈ ತೆರೆದುಕೊಳ್ಳಬೇಕು. ಕೋಲು ತಾನಾಗಿ ಬಂದು ಕೂರುತ್ತದೆ. ಮಕ್ಕಳಿಗೆ ಇದನ್ನೇ ಹೇಳು: ಕಾಣದ್ದಕ್ಕೆ ಕೈ ಚಾಚುವುದೇ ನಂಬಿಕೆ. ಭಾನುವಾರ ಹೇಳಲು ಇದಕ್ಕಿಂತ ದೊಡ್ಡ ಪ್ರಸಂಗ ನನಗೂ ಗೊತ್ತಿಲ್ಲ.

ಕೂಗುವ ಪದ ‘ತಗೋ’ ಎಂದಿರಲಿ. ‘ಹಿಡಿ’ ಅನ್ನಬೇಡಿ. ಬೇರೆ ಯಾವ ಪದವಾದರೂ ಸರಿ, ಅದೊಂದು ಬೇಡ.

ಗೋಲಿಯ ಅಮ್ಮನಿಗೆ ನನ್ನ ವಂದನೆ ಹೇಳು.

ತಮ್ಮ

---

ಜೂನ್ 19

ತಮ್ಮಾ,

ನಿನ್ನ ಪಾಠ ಶುರುವಾಗಿದೆ. ಕಾಣದ್ದಕ್ಕೆ ಕೈ ಚಾಚುವುದು ಅಂದಾಗ ಅವಳಿಗಳು ತಲೆಯಾಡಿಸಿದರು. ಗುಬ್ಬಿ ಸುಮ್ಮನಿರುತ್ತಾಳೆಯೇ? "ಆಂಟಿ, ಹಿಂದೆ ನೋಡಬಾರದು ಅಂದ್ರೆ, ಹಿಂದೆ ಬರೋರು ಬಿದ್ದುಬಿಟ್ರೆ ನಮಗೆ ಹೇಗೆ ಗೊತ್ತಾಗುತ್ತೆ?" ಅಂದಳು. ಪಾದ್ರಿಗಳನ್ನೇ ಕೇಳಿ ಹೇಳುತ್ತೇನೆ ಎಂದು ತಪ್ಪಿಸಿಕೊಂಡೆ. ಉತ್ತರ ಬರೆ.

ಇನ್ನೊಂದು ವಿಚಾರ. ಮೂರು ದಿನದಿಂದ ಗುಬ್ಬಿ ಸರಿಯಾಗಿ ಕೋಲು ತಗೊಳ್ಳುತ್ತಿಲ್ಲ. ಕಡ್ಡಿ ಇನ್ನೂ ಇಪ್ಪತ್ತು ಹೆಜ್ಜೆ ಹಿಂದಿರುವಾಗಲೇ ಇವಳು ಕೈ ಚಾಚಿ, ಏನೂ ಸಿಗದೆ, ಹಿಂದಿರುಗಿ ನೋಡುತ್ತಾಳೆ. ಗದರಿಸಿದೆ. "ಕರೆದ್ರಲ್ಲ ಆಂಟಿ" ಅಂದಳು. ಯಾರೇ ಕರೆದದ್ದು ಅಂದರೆ, "ಯಾರೋ ಹುಡುಗ. ‘ಹಿಡಿ’ ಅಂದ" ಅಂದಳು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಕ್ಕು ಬಿಟ್ಟೆ.

ಮನೆಗೆ ಬಂದು ಗುಂಡಿ ಹಚ್ಚುತ್ತಾ ಕೂತಾಗ ನೆನಪಾಗಿ ಸೂಜಿ ಬೆರಳಿಗೆ ಚುಚ್ಚಿತು. ಆ ಪದವನ್ನು ನಾನು ಮಕ್ಕಳ ಮುಂದೆ ಆಡಿಯೇ ಇಲ್ಲ. ಅದು ಇರುವುದು ನಿನ್ನ ಕಾಗದದಲ್ಲಿ, ನಿನ್ನ ಕಾಗದ ಇರುವುದು ನನ್ನ ಹೊಲಿಗೆ ಡಬ್ಬಿಯಲ್ಲಿ.

ಅಕ್ಕ

---

ಜೂನ್ 26

ಅಕ್ಕ,

ಮೈದಾನದ ಆಚೆ ಬದಿಯ ಗೋಡೆಗೆ ಮಾತು ಬಡಿದು ಹಿಂದಕ್ಕೆ ಬರುತ್ತದೆ, ನಮ್ಮ ಕಾಲದಲ್ಲೂ ಬರುತ್ತಿತ್ತು. ಮಕ್ಕಳ ಕಿವಿ, ಏನೇನೋ ಕೇಳುತ್ತದೆ.

ಟ್ರ್ಯಾಕಿನ ಮೂರನೇ ಪಟ್ಟಿಯಲ್ಲಿ ಓಡಿಸುತ್ತಿದ್ದರೆ ಬೇರೆ ಪಟ್ಟಿಗೆ ಬದಲಾಯಿಸು. ದನಿ ಗುಬ್ಬಿಗೆ ಎಡಗಡೆಯಿಂದ ಕೇಳಿತೇ, ಹಿಂದಿನಿಂದಲೇ? ಎತ್ತರದಿಂದಲೋ, ನೆಲಮಟ್ಟದಿಂದಲೋ? ಸುಮ್ಮನೆ ಕೇಳಿದೆ.

ಇಲ್ಲಿ ಕೆಲಸ ಬಹಳ.

ತಮ್ಮ

---

ಜುಲೈ 5

ತಮ್ಮಾ,

ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಬರೆಯಬೇಡ. ಗುಬ್ಬಿಯ ಪ್ರಶ್ನೆಗೆ ಉತ್ತರವಿಲ್ಲ, ಅದರ ಬದಲು ಪೊಲೀಸರ ಹಾಗೆ ನನಗೇ ನಾಲ್ಕು ಪ್ರಶ್ನೆ. ಕೇಳಿದೆ, ಅವಳು ಹೇಳಿದಳು: "ಕೆಳಗಿನಿಂದ ಆಂಟಿ. ನನ್ನ ಸೊಂಟಕ್ಕಿಂತ ಕೆಳಗಿನಿಂದ."

ನೀನು ಹೇಳಿದಂತೆ ಪಟ್ಟಿ ಬದಲಾಯಿಸಿದೆ. ನಿನ್ನೆ ಸಂಜೆ ಹೊಸದಾಗಿ ಸುಣ್ಣದ ಪುಡಿಯಲ್ಲಿ ಗೆರೆ ಎಳೆಸಿ, ಗೇಟಿಗೆ ಬೀಗ ಹಾಕಿ, ಬೀಗದ ಕೈ ನಾನೇ ತಂದೆ. ಇವತ್ತು ಬೆಳಿಗ್ಗೆ ಹೋಗಿ ನೋಡಿದರೆ, ಯಾರೂ ಓಡದ ಆ ಮೂರನೇ ಪಟ್ಟಿಯಲ್ಲಿ, ಕೋಲು ಬದಲಾಗುವ ಗೆರೆಯ ಹತ್ತಿರ ಸುಣ್ಣ ಚದುರಿತ್ತು. ಎರಡು ಮಂಡಿಯ ಗುರುತು. ಒಂದು ಬಲಗೈಯ ಗುರುತು. ಅಷ್ಟೇ. ಅಲ್ಲಿಗೆ ಬಂದ ಹೆಜ್ಜೆಯಿಲ್ಲ, ಅಲ್ಲಿಂದ ಹೋದ ಹೆಜ್ಜೆಯೂ ಇಲ್ಲ.

ಹುಡುಗರ ಚೇಷ್ಟೆ ಎಂದುಕೊಂಡು ಬಗ್ಗಿದೆ. ಬಲ ಮಂಡಿಯ ಗುರುತಿನಲ್ಲಿ ಬಟ್ಟೆಯ ನೇಯ್ಗೆ ಅಚ್ಚೊತ್ತಿತ್ತು, ಅದರ ಸುತ್ತ ತೇಪೆಯ ಹೊಲಿಗೆ. ಅಡ್ಡಡ್ಡ ಏಳು ಹೊಲಿಗೆ, ನಾಲ್ಕನೆಯದು ತಪ್ಪಿ ಹೊರಗೆ ಹೋಗಿದೆ. ತಮ್ಮಾ, ನನ್ನ ಕೈಹೊಲಿಗೆ ನನಗೆ ಗೊತ್ತಾಗುವುದಿಲ್ಲವೇ? ಆಗ ನಾನು ಹೊಲಿಗೆ ಕಲಿಯುತ್ತಿದ್ದೆ. ಗೋಲಿ ತನ್ನ ಕಡ್ಡಿಯಂಥ ಕಾಲು ಕಾಣಬಾರದೆಂದು ಉದ್ದ ಪ್ಯಾಂಟು ಹಾಕಿ ಓಡುತ್ತಿದ್ದ. ಕೂಟದ ಹಿಂದಿನ ದಿನ ಮಂಡಿ ಹರಿದುಕೊಂಡು ಬಂದು, "ಅಕ್ಕಾ, ಬೇಗ ಹಾಕ್ಕೊಡಿ, ಅಮ್ಮಂಗೆ ಗೊತ್ತಾದ್ರೆ ಬೈತಾಳೆ" ಅಂದಿದ್ದ. ಆ ತೇಪೆಯೊಂದಿಗೇ ಅವನನ್ನು ಮಣ್ಣು ಮಾಡಿದೆವು.

ಹೆದರಿಕೆಯಾಗಿದೆ, ಸುಳ್ಳು ಹೇಳುವುದಿಲ್ಲ. ಕಾಲಿನಿಂದ ಸುಣ್ಣ ಅಳಿಸಿ, ಅಲ್ಲೇ ನಿಂತು ಪ್ರಾರ್ಥನೆ ಮಾಡಿ ಬಂದೆ.

ಒಂದು ಮಾತು ಕೊರೆಯುತ್ತಿದೆ. ಗೋಲಿ ನಿನ್ನ ಕೈಗೆ ಕೋಲು ಕೊಟ್ಟ, ನೀನು ಓಡಿದೆ, ಆಮೇಲೆ ನಿನ್ನ ಬೆನ್ನ ಹಿಂದೆ ಅವನು ಬಿದ್ದ. ನೀನು ಹೇಳಿದ್ದು ಹೀಗೆ. ಕೋಲು ಕೊಟ್ಟು ಬಿದ್ದವನು ಎರಡೂ ಕೈ ನೆಲಕ್ಕೆ ಊರಬೇಕಲ್ಲವೇ? ಇಲ್ಲಿ ಬಲಗೈ ಮಾತ್ರ ಇದೆ. ಎಡಗೈ ಎಲ್ಲಿತ್ತು?

ಅಕ್ಕ

---

ಜುಲೈ 12

ಅಕ್ಕ,

ಸತ್ತವರು ಕರ್ತನಲ್ಲಿ ವಿಶ್ರಮಿಸುತ್ತಾರೆ. ಅವರು ಸುಣ್ಣದಲ್ಲಿ ಮಂಡಿಯೂರುವುದಿಲ್ಲ. ಇದನ್ನು ಪಾದ್ರಿಯಾಗಿ ಬರೆಯುತ್ತಿದ್ದೇನೆ.

ಕಡ್ಡಿಯ ವಿಷಯ ಕೇಳಬೇಕು. ಓಡಿ ಬಂದ ಮೇಲೆ ಅವಳ ತುಟಿ ನೀಲಿಗಟ್ಟುತ್ತದೆಯೇ? ಪಕ್ಕೆ ಒತ್ತಿ ಹಿಡಿದುಕೊಳ್ಳುತ್ತಾಳೆಯೇ? ನಗುತ್ತಾ ಮುಖ ತಿರುಗಿಸಿಕೊಳ್ಳುತ್ತಾಳೆಯೇ? ಹೌದಾದರೆ ಡಾಕ್ಟರಿಗೆ ತೋರಿಸು. ಅವಳನ್ನು ಓಡಿಸಬೇಡ. ಸಾಧ್ಯವಾದರೆ ತಂಡವನ್ನೇ ಈ ಸಲ ಇಳಿಸಬೇಡ.

ಕಾರಣ ಕೇಳಬೇಡ.

ತಮ್ಮ

---

ಜುಲೈ 20

ತಮ್ಮನಿಗೆ,

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಬಲಗೈ ಎಡಗೈ ಕೇಳಿದ್ದಕ್ಕೆ ನೀನು ತಂಡವನ್ನೇ ಇಳಿಸಬೇಡ ಅನ್ನುತ್ತೀಯ! ಇಪ್ಪತ್ತೇಳು ವರ್ಷದಿಂದ ಆ ಕಪಾಟಿನಲ್ಲಿ ನಿನ್ನ ಕಪ್ ಒಂದೇ ಇದೆ. ಪಕ್ಕದಲ್ಲಿ ಇನ್ನೊಂದು ಕೂತರೆ ನಿನಗೆ ಹೊಟ್ಟೆಯುರಿಯೇ? ಮಕ್ಕಳು ಒಂದೂವರೆ ತಿಂಗಳು ಬೆವರು ಸುರಿಸಿದ್ದಾರೆ. ಮೊಣಕೈ ತಿವಿತ ನಿಂತಿದೆ, ಬಿದ್ದವರನ್ನು ಎಬ್ಬಿಸುವುದನ್ನು ಕಲಿತಿದ್ದಾರೆ. ಇದನ್ನು ಕಾರಣವಿಲ್ಲದೆ ಬಿಡಲೇ?

ಕಡ್ಡಿಯ ಅಮ್ಮನನ್ನು ಕೇಳಿದೆ. "ನಮ್ಮ ವಂಶವೇ ಕಡ್ಡಿ ಕಣ್ರೀ, ಏನೂ ಇಲ್ಲ" ಅಂದರು. ಕಡ್ಡಿಯೂ ಏನಿಲ್ಲ ಅಂದಳು, ನಗುತ್ತಾ. ಮುಖ ತಿರುಗಿಸಿಕೊಂಡಳೋ ಇಲ್ಲವೋ ನಾನು ಗಮನಿಸಲಿಲ್ಲ.

ಈಗ ಆ ದನಿ ಅವಳಿಗಳಿಗೂ ಕೇಳುತ್ತಿದೆ. ನಿನ್ನೆ ನನಗೂ ಕೇಳಿತು. ಹಾಡುಹಗಲು, ಮೈದಾನದ ತುಂಬ ಬಿಸಿಲು. ಕೂಗಲ್ಲ ಅದು, ಕೆಳದನಿ. ಆಟದ ಮಾತಿನ ಹಾಗಿರಲಿಲ್ಲ.

ಗೋಲಿಯ ಅಮ್ಮ ಈಗ ಅಭ್ಯಾಸ ನೋಡಲು ಬಂದು ಮೂರನೇ ಪಟ್ಟಿಯ ಪಕ್ಕ ಸ್ಟೂಲು ಹಾಕಿಕೊಂಡು ಕೂರುತ್ತಾರೆ. ಅವರಿಗೆ ಮಾತ್ರ ಏನೂ ಕೇಳುವುದಿಲ್ಲ. "ಏನೂ ಅನ್ಲಿಲ್ವಂತಾ?" ಎಂದು ಮತ್ತೆ ಕೇಳಿದರು. ಇಲ್ಲ ಅಂದೆ. ನಿನ್ನ ಮಾತನ್ನು ಇಷ್ಟು ವರ್ಷ ನಾನೇ ಹೇಳಿ ಹೇಳಿ ಅದು ನನ್ನ ಮಾತೇ ಆಗಿಹೋಗಿದೆ.

ಅಕ್ಕ

---

ಜುಲೈ 26

ಅಕ್ಕ,

ಈ ಕಾಗದ 28ಕ್ಕೆ ಮೊದಲು ನಿನಗೆ ಮುಟ್ಟುವುದಿಲ್ಲ. ಗೊತ್ತಿದ್ದೇ ಬರೆಯುತ್ತಿದ್ದೇನೆ. ನಿನ್ನೆಯಿಂದ ಮೂರು ಸಲ ಫೋನ್ ಎತ್ತಿ ಇಟ್ಟೆ. ನಾನೆಂಥ ಹೇಡಿ ಎಂಬುದು ಇದರಿಂದಲೇ ನಿನಗೆ ತಿಳಿಯಲಿ.

ಗೋಲಿ ಕೋಲು ಕೊಟ್ಟು ಬಿದ್ದದ್ದಲ್ಲ. ಮೊದಲು ಬಿದ್ದ. ನಾನು ಗೆರೆಯಲ್ಲಿ ಕೈ ಚಾಚಿ ನಿಂತಿದ್ದೆ. ಅವನ ಹೆಜ್ಜೆ ನಿಂತ ಸದ್ದು ಕೇಳಿ ಹಿಂದಿರುಗಿ ನೋಡಿದೆ. ಅವನು ಮಂಡಿಯೂರಿದ್ದ, ಬಲಗೈ ನೆಲದಲ್ಲಿತ್ತು. ಎಡಗೈಯನ್ನು ನನ್ನ ಕಡೆ ಚಾಚಿ, "ಹಿಡಿ" ಅಂದ. ತುಟಿ ನೀಲಿಯಾಗಿತ್ತು. ಅದು ತಿಂಗಳಿಂದ ಹಾಗೇ ಆಗುತ್ತಿತ್ತು, ಯಾರಿಗೂ ಹೇಳಬೇಡ ಅಂದಿದ್ದ, ನಾನು ಹೇಳಿರಲಿಲ್ಲ.

ನಮ್ಮ ತಂಡದ ಕರೆಯೇ ‘ಹಿಡಿ’. ಕೋಲು ಹಿಡಿ ಅಂದ ಎಂದುಕೊಂಡೆ. ಎರಡು ಹೆಜ್ಜೆ ಹಿಂದಕ್ಕೆ ಹೋಗಿ ಅವನ ಮುಷ್ಟಿಯಿಂದ ಕೋಲು ಕಿತ್ತುಕೊಂಡೆ. ಕಿತ್ತುಕೊಳ್ಳಬೇಕಾಯಿತು ಅಕ್ಕ, ಅವನ ಬೆರಳು ಕೋಲನ್ನಲ್ಲ, ನನ್ನ ಬೆರಳನ್ನು ಹಿಡಿದಿದ್ದವು. ಬಿಡಿಸಿಕೊಂಡು ಓಡಿದೆ. ಗೆದ್ದೆ. ಜನರೆಲ್ಲ ಗೆಲ್ಲುವ ದಾರದ ಕಡೆ ನೋಡುತ್ತಿದ್ದರು. ಯಾರೂ ಕಂಡಿರಲಿಲ್ಲ.

ತನ್ನನ್ನು ಹಿಡಿ ಅಂದಿದ್ದ. ಅದು ನನಗೆ ತಿಳಿದದ್ದು ಅರ್ಧ ಸುತ್ತು ಓಡಿದ ಮೇಲೆ. ಆಗಲೂ ನಿಲ್ಲಲಿಲ್ಲ.

ಅವನ ಅಮ್ಮ ಕೇಳಿದಾಗ ಏನೂ ಅನ್ನಲಿಲ್ಲ ಅಂದೆ. ಆ ಪದ ಹೇಳಿದರೆ ಉಳಿದದ್ದೂ ಹೇಳಬೇಕಾಗುತ್ತಿತ್ತು. ಗುಬ್ಬಿಯ ಪ್ರಶ್ನೆಗೆ ನನ್ನಲ್ಲಿ ಉತ್ತರ ಇಲ್ಲದ್ದಲ್ಲ. ಇತ್ತು.

ತಮ್ಮ

---

ಜುಲೈ 29

ತಮ್ಮಾ,

ನಾವು ಸೋತೆವು. ಕಡ್ಡಿ ಬದುಕಿದ್ದಾಳೆ. ಈ ಎರಡು ಮಾತು ಮೊದಲು ಬರೆದರೆ ಉಳಿದದ್ದಕ್ಕೆ ಕೈ ಓಡುತ್ತದೆ.

ಚೀಟಿ ಎತ್ತಿದಾಗ ನಮಗೆ ಬಂದದ್ದು ಮೂರನೇ ಪಟ್ಟಿ. ಅವಳಿಗಳು ಚೆನ್ನಾಗಿಯೇ ಓಡಿದರು, ಕಡ್ಡಿಯ ಕೈಗೆ ಕೋಲು ಬಂದಾಗ ನಾವೇ ಮುಂದು. ಗುಬ್ಬಿ ಕೈ ಚಾಚಿ ನಿಂತಿದ್ದಳು. ಗೆರೆಗೆ ಎರಡು ಮೂರು ಹೆಜ್ಜೆ ಇರುವಾಗ ಕಡ್ಡಿ ಮಂಡಿಯೂರಿದಳು. ಬಲಗೈ ನೆಲಕ್ಕೆ, ಎಡಗೈ ಮುಂದಕ್ಕೆ, ಕೈಯಲ್ಲಿ ಕೋಲು. ಅದೇ ಜಾಗ, ಅದೇ ಭಂಗಿ. ನನ್ನ ಸೀಟಿ ಬಾಯಲ್ಲೇ ಉಳಿಯಿತು. ಉಳಿದ ಪಟ್ಟಿಗಳ ಮಕ್ಕಳು ಪಕ್ಕದಲ್ಲೇ ಓಡಿಹೋದರು. ಅವರನ್ನು ಬೈಯಲಾರೆ, ಹಿಂದೆ ನೋಡಬೇಡಿ ಎಂದು ಅವರಿಗೂ ಯಾರೋ ಕಲಿಸಿರುತ್ತಾರೆ.

ಗುಬ್ಬಿ ಹಿಂದಕ್ಕೆ ಓಡಿದಳು. ಕೋಲನ್ನು ಕಾಲಿನಿಂದ ಅತ್ತ ತಳ್ಳಿ, ಕಡ್ಡಿಯನ್ನು ಎದೆಗೆ ಹಿಡಿದುಕೊಂಡು, "ಡಾಕ್ಟ್ರೇ!" ಎಂದು ಕಿರುಚಿದ ಕಿರುಚಿಗೆ ಕೂಟವೇ ನಿಂತಿತು. ಆಸ್ಪತ್ರೆಯಲ್ಲಿ ಡಾಕ್ಟರು, "ಹೃದಯದ ತೊಂದರೆ, ಹುಟ್ಟಿನಿಂದ ಇದ್ದಿರಬೇಕು. ಇನ್ನು ಐದು ನಿಮಿಷ ತಡವಾಗಿದ್ರೆ ನಮ್ಮ ಕೈಲಿ ಇರ್ತಿರ್ಲಿಲ್ಲ" ಅಂದರು.

ನೀನು ಹೇಳಿದ್ದೆ. ನಾನು ಹೊಟ್ಟೆಯುರಿ ಅಂದೆ. ಈ ತಪ್ಪು ನನ್ನದು, ಅದನ್ನು ಯಾರ ಮೇಲೂ ಹೊರಿಸುವುದಿಲ್ಲ.

ಗುಬ್ಬಿಯನ್ನು ಕೇಳಿದೆ, ಹೇಗೆ ತಿಳಿಯಿತೇ? "ಕಡ್ಡಿ ‘ಹಿಡಿ’ ಅಂದ್ಲಲ್ಲ. ನಮ್ಮ ಪದ ‘ತಗೋ’. ಅದಕ್ಕೇ ಕೋಲಲ್ಲ, ಅವಳನ್ನೇ ಹಿಡೀಬೇಕು ಅಂತ ಗೊತ್ತಾಯ್ತು" ಅಂದಳು. ಇವತ್ತು ಕಡ್ಡಿಗೆ ಮಾತು ಬಂದಿದೆ. ಅವಳು, "ನಾನೇನೂ ಅನ್ನಲಿಲ್ಲ ಆಂಟಿ, ಉಸಿರೇ ಇರಲಿಲ್ಲ" ಅನ್ನುತ್ತಾಳೆ.

ಗುಬ್ಬಿ ಇನ್ನೊಂದು ಹೇಳಿದಳು. ಕಡ್ಡಿಯನ್ನು ಎತ್ತಿ ಹಿಡಿದಾಗ ಭಾರವೇ ಅನ್ನಿಸಲಿಲ್ಲವಂತೆ. ಆಚೆ ಕಡೆಯಿಂದ ಇನ್ನೊಂದು ಜೊತೆ ಕೈ ಹಿಡಿದಿತ್ತಂತೆ, ತಣ್ಣಗೆ.

ಆಗಸ್ಟ್ 1

ಮೇಲಿನದನ್ನು ಅಂಚೆಗೆ ಹಾಕುವ ಮೊದಲೇ ನಿನ್ನ ಕಾಗದ ಬಂತು. ಎರಡು ದಿನದಿಂದ ಯಂತ್ರ ತುಳಿದಿಲ್ಲ.

ದಾರಿಯಲ್ಲಿ ಗಾಯಗೊಂಡು ಬಿದ್ದವನ ಬಗ್ಗೆ ಕರ್ತನು ಹೇಳಿದ ಸಾಮ್ಯದ ಕತೆಯ ಮೇಲೆ ನೀನು ವರ್ಷಕ್ಕೊಂದು ಪ್ರಸಂಗ ಮಾಡುತ್ತೀಯ. ಅದರಲ್ಲಿ ಮೊದಲು ಪಕ್ಕಕ್ಕೆ ಸರಿದು ಹೋದವನು ಯಾಜಕನೇ ಅಲ್ಲವೇ? ಅವತ್ತು ನೀನು ಹದಿನೈದರ ಹುಡುಗ, ಪದ ತಪ್ಪಾಗಿ ಕೇಳಿಸಿಕೊಂಡೆ, ಅದನ್ನು ನಾನು ಕ್ಷಮಿಸಬಲ್ಲೆ. ಫೋನ್ ಎತ್ತಿ ಇಟ್ಟದ್ದು ನಲವತ್ತೆರಡರ ಪಾದ್ರಿ. ಅದನ್ನು ಇನ್ನೂ ಕ್ಷಮಿಸಲಾಗುತ್ತಿಲ್ಲ, ಪ್ರಯತ್ನ ಮಾಡುತ್ತಿದ್ದೇನೆ.

ಗೋಲಿಯ ಅಮ್ಮನಿಗೆ ನಾನು ಹೇಳುವುದಿಲ್ಲ. ನೀನು ಬಂದು, ಅವರ ಮುಂದೆ ನಿಂತು, ನಿನ್ನ ಬಾಯಿಂದ ಹೇಳು. ಬರದಿದ್ದರೆ ಇನ್ನು ನನಗೆ ಬರೆಯಬೇಡ.

ಆ ದಿನದಿಂದ ಮೈದಾನದಲ್ಲಿ ದನಿಯಿಲ್ಲ. ದಿನಾ ಬೆಳಿಗ್ಗೆ ಹೋಗಿ ನೋಡುತ್ತೇನೆ, ಸುಣ್ಣ ಹಾಕಿದಂತೆಯೇ ಇರುತ್ತದೆ. ಅವನು ಇಲ್ಲಿಂದ ಹೋಗಿದ್ದಾನೆ. ಎಲ್ಲಿಗೆ ಹೋದನೋ ಗೊತ್ತಿಲ್ಲ.

ಅಕ್ಕ

---

ಆಗಸ್ಟ್ 10

ಅಕ್ಕ,

ಅಕ್ಷರ ನೋಡಿ ಬೇರೆ ಯಾರೋ ಬರೆದಿದ್ದಾರೆಂದು ಹೆದರಬೇಡ. ನಾನೇ.

ನಿನ್ನೆ ಆರಾಧನೆಯಲ್ಲಿ ಪ್ರಸಂಗದ ಬದಲು ಅದನ್ನೇ ಹೇಳಿದೆ. ಕಪ್, ಕೋಲು, ಬೆರಳು ಬಿಡಿಸಿಕೊಂಡದ್ದು, ಎಲ್ಲ. ಮುಗಿಸಿ, ಬಾಗಿಲಲ್ಲಿ ನಿಂತು ಕೈಕುಲುಕುವ ಧೈರ್ಯವಿಲ್ಲದೆ, ಹಿಂದಿನ ಓಣಿಯಲ್ಲಿ ಮನೆಯ ಕಡೆ ನಡೆದೆ. ಎರಡೂ ಬದಿ ಗೋಡೆ, ನೆತ್ತಿಯ ಮೇಲೆ ಬಿಸಿಲು, ಒಂದು ಹುಳವೂ ಇಲ್ಲ.

ಬೆನ್ನ ಹಿಂದೆ, ಸೊಂಟಕ್ಕಿಂತ ಕೆಳಗಿನಿಂದ, "ಹಿಡಿ" ಅಂದ.

ಹಿಂದಿರುಗಿ ನೋಡಲಿಲ್ಲ. ನಿಂತೆ. ನಿಂತೆನೆಂಬುದನ್ನು ಗುಬ್ಬಿಗೆ ಹೇಳು. ಬಲಗೈಯನ್ನು ಹಿಂದಕ್ಕೆ ಚಾಚಿ ಅಂಗೈ ತೆರೆದೆ. ಕಾಣದ್ದಕ್ಕೆ ಕೈ ಚಾಚುವುದೆಂದು ನಿನಗೆ ಎಷ್ಟು ಸಲೀಸಾಗಿ ಬರೆದಿದ್ದೆ! ಆಮೇಲೆ ಬೆರಳುಗಳು ಬಂದವು. ಸಣ್ಣ ಬೆರಳು, ಬೆವರಿದ್ದವು, ಮೊದಲು ತಣ್ಣಗಿದ್ದವು. ಗಟ್ಟಿಯಾಗಿ ಹಿಡಿದುಕೊಂಡೆ.

ಹದಿನಾಲ್ಕರ ಬೆಳಗಿನ ಬಸ್ಸಿಗೆ ಬರುತ್ತೇನೆ. ಎರಡು ಸೀಟು ಹೇಳಿದ್ದೇನೆ. "ಇನ್ನೊಬ್ಬರು ಯಾರು ಸಾರ್?" ಎಂದು ಟಿಕೆಟಿನವನು ಕೇಳಿದ. "ಗೆಳೆಯ, ಅಮ್ಮನ್ನ ನೋಡೋಕೆ ಬರ್ತಿದ್ದಾನೆ" ಅಂದೆ. ಗೋಲಿಯ ಅಮ್ಮನಿಗೆ ಮನೆಯಲ್ಲೇ ಇರಲು ಹೇಳು. ಕೊನೆಗೆ ಏನಂದ ಎಂಬುದನ್ನು ಮೊದಲು ಹೇಳುತ್ತೇನೆ, ನಾನೇನು ಮಾಡಿದೆ ಎಂಬುದನ್ನು ಆಮೇಲೆ. ಬಾಗಿಲು ಹಾಕಿಕೊಂಡರೆ ಹೊರಗೇ ನಿಂತಿರುತ್ತೇನೆ.

ಅಕ್ಷರ ಸೊಟ್ಟಗಿವೆ, ಓದಿಕೋ. ಎಡಗೈಯಲ್ಲಿ ಬರೆಯುತ್ತಿದ್ದೇನೆ. ಬಲಗೈಯನ್ನು ಅವನಿನ್ನೂ ಬಿಟ್ಟಿಲ್ಲ.

ತಮ್ಮ